ಮೊದಲು ಹಿತ್ತಿಲಲ್ಲಿ ಮೂರು ಚಳಿಗಾಲ ಕಳೆಯಲಿ

ಕಳೆದ ತಿಂಗಳು ನಮ್ಮೂರಿನ ಹುಡುಗನೊಬ್ಬ ಮನೆಗೆ ಬಂದಿದ್ದ. ಎರಡೂವರೆ ಎಕರೆ ಜಮೀನಿನವನು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷವಾಯಿತು. ಕೈಯಲ್ಲಿ ನರ್ಸರಿಯವರ ಬಣ್ಣದ ದರಪಟ್ಟಿ. ಕಾಫಿ ಕುಡಿದು ಲೋಟ ಕೆಳಗಿಟ್ಟವನೇ ಹೇಳಿದ: "ಅಣ್ಣ, ಹಳ್ಳದ ಬದಿಯ ಗದ್ದೆ ಪಾಳು ಬಿದ್ದಿದೆಯಲ್ಲ, ಅದಕ್ಕೆ ನೂರೈವತ್ತು ರಂಬುಟಾನ್ ಹಾಕೋಣ ಅಂತಿದ್ದೀನಿ. ಸಾಲಕ್ಕೆ ಅರ್ಜಿ ತಂದಾಗಿದೆ. ನಿಮ್ಮ ಮನೆ ಹಿಂದೆ ಚೆನ್ನಾಗಿ ಬಿಟ್ಟಿದೆಯಲ್ಲ, ಅದನ್ನ ನೋಡಿಯೇ ಧೈರ್ಯ ಬಂತು."

ನನ್ನ ಎದೆ ಧಸಕ್ಕೆಂದಿತು. ನಮ್ಮ ಮನೆ ಹಿಂದೆ ಇರುವುದು ಮೂರು ರಂಬುಟಾನ್ ಮರ. ಆಗಸ್ಟ್ ಕೊನೆಯಿಂದ ಹಣ್ಣು ಕೆಂಪಾಗುತ್ತದೆ. ಬಂದವರೆಲ್ಲ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ನಾಲ್ಕು ಹಣ್ಣು ಮಕ್ಕಳಿಗೆಂದು ಕಟ್ಟಿಕೊಂಡು ಹೋಗುತ್ತಾರೆ. ಇದೇ ನರ್ಸರಿ, ಇದೇ ದಿನ, ಇದೇ ಜೀಪಿನಲ್ಲಿ ಬಂದ ಇನ್ನೂ ನಲವತ್ತು ಗಿಡ ನನ್ನ ಗದ್ದೆಯಲ್ಲಿ ಸತ್ತದ್ದು ಯಾರಿಗೂ ಗೊತ್ತಿಲ್ಲ. ನಾನೂ ಹೇಳಿಕೊಂಡಿರಲಿಲ್ಲ. ಸೋತದ್ದನ್ನು ಹೇಳಿಕೊಳ್ಳಲು ನಮಗೆಲ್ಲ ಸಂಕೋಚ ಇದ್ದೇ ಇದೆ. ನಾನು ಸುಮ್ಮನಿದ್ದುದರಿಂದ ಒಬ್ಬ ಹುಡುಗ ಸಾಲ ಮಾಡುವುದಕ್ಕೆ ಹೊರಟಿದ್ದಾನೆ ಅಂತ ಗೊತ್ತಾದ ಮೇಲೆ ಈ ಬರಹ ಬರೆಯಲೇಬೇಕಾಯಿತು.

ನಮ್ಮದು ಮೂಡಿಗೆರೆ ತಾಲೂಕು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರ. ಮೂರೂವರೆ ಎಕರೆಯಲ್ಲಿ ಕಾಫಿ, ಅಡಿಕೆ, ಮೆಣಸು. ಕೆಳಗೆ ಅರ್ಧ ಎಕರೆ ಗದ್ದೆ, ಈಗ ಬೇಸಾಯ ಇಲ್ಲ. ನನ್ನ ಷಡ್ಡಕರ ಮನೆ ಪುತ್ತೂರಿನ ಕಡೆ. 2013ರ ಮಳೆಗಾಲದಲ್ಲಿ ಅಲ್ಲಿಗೆ ಹೋದಾಗ ಅವರ ಅಂಗಳದ ರಂಬುಟಾನ್ ಮರ ನೋಡಿದೆ. ಎಲೆ ಕಾಣುವುದಕ್ಕಿಂತ ಹಣ್ಣು ಹೆಚ್ಚು. ಅಂಗಡಿಯವನು ಮನೆಗೇ ಬಂದು ತೂಕ ಮಾಡಿ ದುಡ್ಡು ಎಣಿಸಿ ಹೋದ. ಅದನ್ನು ನೋಡಿದವನಿಗೆ ನಿದ್ದೆ ಹೇಗೆ ಬಂದೀತು? ಮರುವರ್ಷ ಜೂನ್‌ನಲ್ಲಿ 43 ರಂಬುಟಾನ್ ಕಸಿ ಗಿಡ, 7 ಮ್ಯಾಂಗೋಸ್ಟೀನ್ ತಂದೆ. ರಂಬುಟಾನಿಗೆ ಗಿಡಕ್ಕೆ 250 ರೂಪಾಯಿ, ಮ್ಯಾಂಗೋಸ್ಟೀನಿಗೆ 200. ಗಿಡಕ್ಕೇ ಹನ್ನೆರಡು ಸಾವಿರ ದಾಟಿತು. ಗುಂಡಿ, ಗೊಬ್ಬರ, ಪೈಪು, ಬೇಲಿ ಸೇರಿದರೆ ಮತ್ತೆ ಅದಕ್ಕಿಂತ ಹೆಚ್ಚು. ಆ ವರ್ಷದ ಮೆಣಸಿನ ದುಡ್ಡು ಅಲ್ಲಿಗೇ ಹೋಯಿತು ಅನ್ನಿ.

ನರ್ಸರಿಯವರನ್ನು ಕೇಳಿದ್ದೆ, "ನಮ್ಮ ಕಡೆ ಚಳಿ ಜಾಸ್ತಿ, ಆಗುತ್ತಾ?" ಅಂತ. "ಮಲೆನಾಡು ಅಲ್ವಾ ಸಾರ್, ಅದಕ್ಕೆ ಹೇಳಿಮಾಡಿಸಿದ ಗಿಡ" ಅಂದರು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಅವರ ನರ್ಸರಿ ಇದ್ದದ್ದು ಘಟ್ಟದ ಕೆಳಗೆ. ಅಲ್ಲಿಂದ ನೋಡಿದರೆ ಘಟ್ಟದ ಮೇಲೆ ಇರುವುದೆಲ್ಲ ಒಂದೇ ಮಲೆನಾಡು.

ಗಿಡ ಇಳಿಸಿದ ದಿನ ಮನೆಯವಳು ಒಂದು ಮಾತು ಹೇಳಿದ್ದಳು. "ಗದ್ದೆಗೆ ಯಾಕೆ ಹಾಕ್ತೀರಿ? ಜನವರಿಯಲ್ಲಿ ಬೆಳಿಗ್ಗೆ ಅಲ್ಲಿ ಕಾಲಿಡಕ್ಕೆ ಆಗಲ್ಲ, ಅಷ್ಟು ಚಳಿ ಕೂತಿರುತ್ತೆ." ನೀರಿದೆ, ಮಣ್ಣು ಚೆನ್ನಾಗಿದೆ, ಬಿಸಿಲು ಬೀಳುತ್ತದೆ, ಇನ್ನೇನು ಬೇಕು ಅಂತ ನಾನು. ಅವಳು ಮಾತು ಬೆಳೆಸಲಿಲ್ಲ. ಮೂರು ರಂಬುಟಾನ್, ಒಂದು ಮ್ಯಾಂಗೋಸ್ಟೀನ್ ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಹಿಂದೆ, ಹಲಸಿನ ಮರದ ಪಕ್ಕ ನೆಟ್ಟಳು. ಈಗ ಹಣ್ಣು ಬಿಡುತ್ತಿರುವುದು ಆ ಮೂರು ಗಿಡ.

ಗದ್ದೆಯಲ್ಲಿ ಆದದ್ದು

ಮೊದಲ ಮಳೆಗಾಲ ಎಲ್ಲ ಗಿಡವೂ ಚೆನ್ನಾಗಿಯೇ ಬಂತು. ಅಕ್ಟೋಬರಿನಲ್ಲಿ ಒಂದು ಕಂತು ಗೊಬ್ಬರ ಕೊಟ್ಟೆ, ಜತೆಗೆ ಒಂದು ಹಿಡಿ ಯೂರಿಯಾ. ನವೆಂಬರಿನಲ್ಲಿ ಎಳೆ ಚಿಗುರು ತುಂಬಿಕೊಂಡು ನೋಡಲು ಕಣ್ಣಿಗೆ ಹಬ್ಬ. ಡಿಸೆಂಬರ್ ಮೂರನೇ ವಾರ ಮೋಡ ಪೂರ್ತಿ ಹೋಗಿ ಆಕಾಶ ತೊಳೆದಿಟ್ಟಂತಾಯಿತು. ಮೂಡಣ ಗಾಳಿ ಶುರುವಾಯಿತು. ಒಂದು ವಾರದೊಳಗೆ ಚಿಗುರು ಕಪ್ಪಾಗಿ ಜೋತುಬಿತ್ತು. ಬಲಿತ ಎಲೆಯ ಅಂಚು ಬೆಂಕಿ ತಾಗಿದ ಹಾಗೆ ಕಂದುಬಣ್ಣಕ್ಕೆ ತಿರುಗಿತು. ನಾನು ರೋಗ ಅಂದುಕೊಂಡು ಬೋರ್ಡೋ ಹೊಡೆದೆ. ಔಷಧಿ ಅಂಗಡಿಯಲ್ಲಿ ಎಲೆ ತೋರಿಸಿದರೆ "ಲಘು ಪೋಷಕಾಂಶದ ಕೊರತೆ" ಅಂತ ಎರಡು ಪೊಟ್ಟಣ ಕೊಟ್ಟರು. ಅದನ್ನೂ ಹೊಡೆದೆ. ಚಳಿಗೆ ಬೇರು ಕೆಲಸವನ್ನೇ ನಿಧಾನ ಮಾಡಿದಾಗ ಎಲೆ ಹಳದಿಯಾಗುವುದು ಸಹಜ. ಅದು ಮಣ್ಣಿನಲ್ಲಿ ಸತು ಇಲ್ಲ, ಕಬ್ಬಿಣ ಇಲ್ಲ ಅಂತಲ್ಲ. ಇದ್ದದ್ದನ್ನು ಬೇರು ಎಳೆಯುತ್ತಿಲ್ಲ ಅಂತ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಏಪ್ರಿಲ್ ಮಳೆಗೆ ಅರ್ಧಕ್ಕರ್ಧ ಗಿಡ ಬುಡದಿಂದ ಚಿಗುರಿತು. ಸಂತೋಷಪಟ್ಟೆ. ಆಮೇಲೆ ನೋಡಿದರೆ ಅದರಲ್ಲಿ ಬಹಳಷ್ಟು ಕಸಿ ಗಂಟಿನ ಕೆಳಗಿನ ಚಿಗುರು. ಅಂದರೆ ಕಸಿ ಕೊಂಬೆ ಸತ್ತಿದೆ, ಬುಡದ ಬೀಜದ ಗಿಡ ಬದುಕಿದೆ. ರಂಬುಟಾನಿನಲ್ಲಿ ಬೀಜದ ಗಿಡ ಗಂಡೂ ಆಗಬಹುದು. ಗಂಡು ಮರ ಹೂ ಬಿಟ್ಟೀತು, ಕಾಯಿ ಬಿಡುವುದಿಲ್ಲ. ಅದಕ್ಕೇ ಅಲ್ಲವೇ ನಾವು ಹೆಚ್ಚು ದುಡ್ಡು ಕೊಟ್ಟು ಕಸಿ ಗಿಡ ತರುವುದು. ಮರುವರ್ಷದ ಚಳಿ ಉಳಿದದ್ದನ್ನೂ ಮುಗಿಸಿತು. 2016ರ ಬೇಸಿಗೆಯಲ್ಲಿ ಲೆಕ್ಕ ಹಾಕಿದೆ: ಗದ್ದೆಯ ನಲವತ್ತರಲ್ಲಿ ಜೀವ ಇದ್ದದ್ದು ನಾಲ್ಕು. ಆರು ಮ್ಯಾಂಗೋಸ್ಟೀನಿನಲ್ಲಿ ಒಂದೂ ಇಲ್ಲ.

ಪುತ್ತೂರಿನಿಂದ ಬಂದ ಷಡ್ಡಕರು ಗದ್ದೆ ನೋಡಿ, "ಇದೆಂತ ಭಾವ, ಗಿಡಕ್ಕೆ ಬೆಂಕಿ ಕೊಟ್ಟದ್ದಾ?" ಅಂದರು. ತಮಾಷೆಗೆ ಹೇಳಿದ್ದು. ನನಗೆ ಆ ದಿನ ಊಟ ಸೇರಲಿಲ್ಲ.

ಮಳೆಗಾಲದ ಜೌಗು ಕಾರಣ ಇರಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಯೋಚಿಸಿದ್ದೆ. ಸ್ವಲ್ಪ ಪಾಲು ಅದರದ್ದೂ ಇರಬಹುದು. ಆದರೆ ಹನ್ನೆರಡು ಗಿಡ ಗದ್ದೆಯ ಅಂಚಿನ ಎತ್ತರದ ದಂಡೆ ಮೇಲಿತ್ತು. ಅಲ್ಲಿ ನೀರು ನಿಲ್ಲುವುದಿಲ್ಲ. ಅವೂ ಅದೇ ವಾರ ಅದೇ ರೀತಿ ಸುಟ್ಟವು.

ಎರಡು ಥರ್ಮಾಮೀಟರ್

ಆಮೇಲೆ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಎಂದರೆ ಕನಿಷ್ಠ-ಗರಿಷ್ಠ ಉಷ್ಣತೆ ತೋರಿಸುವ ಎರಡು ಥರ್ಮಾಮೀಟರ್ ತಂದದ್ದು. ಎರಡಕ್ಕೂ ಸೇರಿ ನಾಲ್ಕು ರಂಬುಟಾನ್ ಗಿಡದ ಬೆಲೆಯೂ ಆಗಲಿಲ್ಲ. ಒಂದನ್ನು ಗದ್ದೆಯಲ್ಲಿ ಸೊಂಟದೆತ್ತರದ ಗೂಟಕ್ಕೆ ಕಟ್ಟಿದೆ. ಮೇಲೆ ಒಂದು ಅಡಿಕೆ ಹಾಳೆ ಮುಚ್ಚಿದೆ, ಬಿಸಿಲು ಬೀಳದ ಹಾಗೆ. ಇನ್ನೊಂದನ್ನು ಅದೇ ರೀತಿ ಹಿತ್ತಿಲಿನಲ್ಲಿ. ಗದ್ದೆಗೂ ಹಿತ್ತಿಲಿಗೂ ಎತ್ತರದ ವ್ಯತ್ಯಾಸ ಅರವತ್ತು ಅಡಿ ಇದ್ದೀತು, ನಡೆದರೆ ಐದು ನಿಮಿಷ. ಬೆಳಿಗ್ಗೆ ಹಾಲು ಕರೆದಾದ ಮೇಲೆ ಎರಡನ್ನೂ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವುದು. ಆ ಕ್ಯಾಲೆಂಡರುಗಳನ್ನೆಲ್ಲ ಇಟ್ಟುಕೊಂಡಿದ್ದೇನೆ.

ಮೋಡ ಇದ್ದ ರಾತ್ರಿ ಎರಡೂ ಹೆಚ್ಚುಕಡಿಮೆ ಒಂದೇ. ಒಂದು ಡಿಗ್ರಿ ಆಚೀಚೆ. ಆಕಾಶ ಶುಭ್ರ ಇದ್ದು ಗಾಳಿ ಇಲ್ಲದ ರಾತ್ರಿ ಮಾತ್ರ ಹಿತ್ತಿಲಿನಲ್ಲಿ 11 ಇದ್ದರೆ ಗದ್ದೆಯಲ್ಲಿ ಏಳೂವರೆ. ಒಂದು ಜನವರಿಯಲ್ಲಿ ಗದ್ದೆ ಆರೂವರೆಗೂ ಇಳಿದಿತ್ತು, ಅವತ್ತು ಹಿತ್ತಿಲಿನಲ್ಲಿ ಹತ್ತು. ರಂಬುಟಾನಿಗೆ ಹತ್ತು ಡಿಗ್ರಿಗಿಂತ ಕೆಳಗೆ ಹೋದರೆ ಪೆಟ್ಟು. ಹೀಗೆ ಅದೇ ಮೂರು ನಾಲ್ಕು ಡಿಗ್ರಿ ಒಂದು ಕಡೆ ಹಣ್ಣು ಕೊಟ್ಟಿತು, ಇನ್ನೊಂದು ಕಡೆ ಸೌದೆ ಕೊಟ್ಟಿತು.

ಕಾರಣ ಬಹಳ ಸರಳ. ಹಗಲು ಕಾದ ನೆಲ ರಾತ್ರಿ ಆ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡ ಇದ್ದರೆ ಕಂಬಳಿ ಹೊದ್ದ ಹಾಗೆ, ಬಿಸಿ ಪೂರ್ತಿ ಹೋಗುವುದಿಲ್ಲ. ಮರದ ನೆರಳೂ ಅಂಥದ್ದೇ ಕಂಬಳಿ. ಬಯಲಾದರೆ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ನೀರಿನಂತೆಯೇ ಇಳಿಜಾರು ಹುಡುಕಿಕೊಂಡು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನನ್ನ ಗದ್ದೆಯ ಕೆಳತುದಿಯಲ್ಲಿ ಬಿದಿರುಮೆಳೆ ಇದೆ. ಅದು ಅಣೆಕಟ್ಟಿನ ಹಾಗೆ ಚಳಿಯನ್ನು ತಡೆದು ನಿಲ್ಲಿಸುತ್ತಿತ್ತು. ಬೇಸಿಗೆಯಲ್ಲಿ ಯಾವ ತಗ್ಗು ತಂಪು ಅಂತ ಮೆಚ್ಚುತ್ತೇವೋ ಅದೇ ತಗ್ಗು ಜನವರಿಯ ಬೆಳಗಿನ ಜಾವ ಇಡೀ ಜಮೀನಿನಲ್ಲಿ ಅತಿ ಚಳಿಯ ಜಾಗ. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಲಿಲ್ಲ. ಮನೆಯವಳಿಗೆ ದನಕ್ಕೆ ಹುಲ್ಲು ತರಲು ಹೋಗಿ ಹೋಗಿ ಕಾಲಿಗೇ ಗೊತ್ತಿತ್ತು.

ಹಾಗಾದರೆ ಹಿತ್ತಿಲಿನಲ್ಲಿ ಏನಿತ್ತು? ಪೂರ್ವಕ್ಕೆ ಕೊಟ್ಟಿಗೆಯ ಗೋಡೆ. ಮೂಡಣ ಗಾಳಿ ನೇರ ಬಡಿಯುವುದಿಲ್ಲ. ಅಷ್ಟೇ ಅಲ್ಲ, ಬೆಳಗಿನ ಮೊದಲ ಬಿಸಿಲೂ ಥಟ್ಟನೆ ಬೀಳುವುದಿಲ್ಲ. ರಾತ್ರಿಯಿಡೀ ಚಳಿಗೆ ಮರಗಟ್ಟಿದ ಎಲೆಗೆ ಏಕ್‌ದಂ ಬಿಸಿಲು ಬಿದ್ದರೆ ಹಾನಿ ಹೆಚ್ಚು. ಮೇಲೆ ಹಲಸಿನ ಕೊಂಬೆಯ ಅರೆನೆರಳು. ಕಲ್ಲಿನ ಗೋಡೆ ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ. ಬಚ್ಚಲ ನೀರು ಹರಿದು ನೆಲ ಯಾವಾಗಲೂ ಹಸಿ. ಹಸಿ ನೆಲ ಒಣ ನೆಲಕ್ಕಿಂತ ಹೆಚ್ಚು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಅಜ್ಜಿಯರು ಕರಿಬೇವು, ವೀಳ್ಯದ ಬಳ್ಳಿ, ಒಂದು ದೊಡ್ಡಪತ್ರೆ, ಇಂಥ ಸೂಕ್ಷ್ಮದ್ದನ್ನೆಲ್ಲ ಬಚ್ಚಲ ಹಿಂದೆ ಯಾಕೆ ನೆಡುತ್ತಿದ್ದರು ಅಂತ ಈಗ ಅರ್ಥವಾಗುತ್ತದೆ. ನೀರು ಎರೆಯುವ ಕೆಲಸ ಉಳಿಯಲಿ ಎಂದು ಮಾತ್ರ ಅಲ್ಲ.

ಪರದೇಶದ ಗಿಡ ಬೇಡ ಅಂತಲ್ಲ

ಇಷ್ಟು ಓದಿ ಇವನು ಹೊಸ ಬೆಳೆಯ ವಿರೋಧಿ ಅಂದುಕೊಳ್ಳಬೇಡಿ. ನಮ್ಮ ಜಮೀನಿನಲ್ಲಿ ಪರದೇಶದ್ದು ಯಾವುದು ಅಂತ ಲೆಕ್ಕ ಹಾಕುತ್ತಾ ಹೋದರೆ ಉಳಿಯುವುದು ಹಲಸು, ಮಾವು, ಮೆಣಸಿನಂಥ ಕೆಲವು. ಕಾಫಿ ಅರಬರ ನಾಡಿನಿಂದ ಬಾಬಾಬುಡನ್ ಗಿರಿಗೆ ಬಂತು ಅಂತ ಪ್ರತೀತಿ. ಅದರ ನೆರಳಿಗೆ ನಿಂತ ಸಿಲ್ವರ್ ಆಸ್ಟ್ರೇಲಿಯಾದ್ದು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೇರು, ಪೇರಲೆ, ಅನಾನಸು ಇವೆಲ್ಲ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ಕೆಲವದರ ಹೆಸರಿನಲ್ಲೇ ಗುರುತಿದೆ. ಪಪ್ಪಾಯಿಯನ್ನು ಹಳಬರು ಇವತ್ತಿಗೂ ಪರಂಗಿ ಹಣ್ಣು ಅನ್ನುತ್ತಾರೆ, ಪರಂಗಿಯವರು ತಂದದ್ದು ಅಂತ. ಸೀಮೆಬದನೆ, ಸೀಮೆಹುಣಸೆ ಅನ್ನುವಾಗಲೂ ಹಾಗೆಯೇ, ಆ 'ಸೀಮೆ' ನಮ್ಮ ಸೀಮೆಯಲ್ಲ.

ಆದರೆ ಅವು ಬಂದ ದಾರಿ ನೋಡಿ. ಒಬ್ಬನು ಒಂದು ಗಿಡ ಅಂಗಳದಲ್ಲಿ ನೆಟ್ಟ. ಬದುಕಿತು. ಪಕ್ಕದ ಮನೆಯವನು ಬೀಜ ಒಯ್ದ. ಅಲ್ಲಿ ಸತ್ತಿತು, ಅದರಾಚೆ ಮನೆಯಲ್ಲಿ ಬದುಕಿತು. ಹೀಗೆ ತಲೆಮಾರು ಕಳೆದ ಮೇಲೆ ಯಾವ ಊರಿಗೆ ಯಾವುದು ಅಂತ ತಾನಾಗಿ ಗೊತ್ತಾಯಿತು. ಸತ್ತ ಗಿಡದ ನಷ್ಟ ಒಂದು ಗಿಡದ ನಷ್ಟ. ಸಾಲದ ಕಂತು ಇರಲಿಲ್ಲ. ಈಗ ನಾವು ಆ ತಲೆಮಾರಿನ ಕೆಲಸವನ್ನು ಒಂದು ಜೂನ್ ತಿಂಗಳಿನಲ್ಲಿ ಮಾಡಲು ಹೊರಟಿದ್ದೇವೆ, ಅದೂ ಎಕರೆಗಟ್ಟಲೆ.

ಬ್ರಿಟಿಷರು ಕೂಡ ಇದನ್ನು ನೋಡಿಕೊಂಡೇ ಮಾಡಿದರು. ನೀಲಗಿರಿಯಲ್ಲಿ ಮ್ಯಾಂಗೋಸ್ಟೀನ್, ಡ್ಯೂರಿಯನ್ ತಂದು ನೆಟ್ಟದ್ದು ಊಟಿಯಲ್ಲಲ್ಲ. ಮೆಟ್ಟುಪಾಳ್ಯದಿಂದ ಹತ್ತುವ ದಾರಿಯ ಕೆಳಭಾಗದ ಕಲ್ಲಾರ್, ಬರ್ಲಿಯಾರ್‌ಗಳಲ್ಲಿ. ಅಲ್ಲಿಯ ಮ್ಯಾಂಗೋಸ್ಟೀನ್ ಹೆಸರುವಾಸಿ. ಊಟಿಯಲ್ಲಿ ನೆಟ್ಟಿದ್ದರೆ ಒಂದೇ ಚಳಿಗೆ ಕಥೆ ಮುಗಿಯುತ್ತಿತ್ತು. ಒಂದೇ ಬೆಟ್ಟ, ಆದರೆ ಗಿಡಕ್ಕೆ ಅದರಲ್ಲಿ ನಾಲ್ಕಾರು ಊರು.

ನಮ್ಮ ಮಲೆನಾಡಿನ ಕಷ್ಟ ಇನ್ನೊಂದು ನಮೂನೆಯದು. ನಮ್ಮ ಚಳಿ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ರಂಬುಟಾನ್, ಮ್ಯಾಂಗೋಸ್ಟೀನ್, ಡ್ಯೂರಿಯನ್ ಎಲ್ಲ ಮಲಯ ದ್ವೀಪಗಳ ಕಡೆಯವು. ಅಲ್ಲಿ ಚಳಿಗಾಲ ಅನ್ನುವುದೇ ಇಲ್ಲ. ಮಂಗಳೂರಿನಲ್ಲಿ ಜನವರಿಯ ಬೆಳಿಗ್ಗೆಯೂ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸು ಇರುತ್ತದೆ. ಕೇರಳದ ಕೊಟ್ಟಾಯಂ, ಪತ್ತನಂತಿಟ್ಟದ ತಗ್ಗು ಪ್ರದೇಶದಲ್ಲೂ ಹಾಗೆಯೇ. ಅಲ್ಲಿ ಅವು ಸುಖವಾಗಿವೆ. ನಮ್ಮಲ್ಲಿ ಹತ್ತಕ್ಕೆ ಇಳಿದರೆ ಅವುಗಳಿಗೆ ತಡೆಯದು. ಸರಿ, ಚಳಿ ಇದೆಯಲ್ಲ, ಹಾಗಾದರೆ ಚಳಿ ಬೇಕಾದ ಗಿಡ ಹಾಕೋಣ ಅಂತ ಕೆಲವರು ಸೇಬು ತಂದರು. ಸೇಬಿನ ಹಳೆಯ ತಳಿಗಳಿಗೆ 7 ಡಿಗ್ರಿಗಿಂತ ಕೆಳಗೆ ಸಾವಿರ ಗಂಟೆಯಷ್ಟು ಚಳಿ ಬೇಕು, ಆಗಲೇ ಮೊಗ್ಗು ಎಚ್ಚರಾಗುವುದು. ಕಡಿಮೆ ಚಳಿಗೆ ಆಗುವ ಇಸ್ರೇಲಿನ ಅನ್ನಾ ತಳಿ, ಹಿಮಾಚಲದ ರೈತರೊಬ್ಬರು ಆರಿಸಿದ ಎಚ್‌ಆರ್‌ಎಂಎನ್-99 ಬಂದಿವೆ, ನಿಜ. ಕರ್ನಾಟಕದಲ್ಲಿ ಅವುಗಳಲ್ಲಿ ಹಣ್ಣು ನೋಡಿದವರೂ ಇದ್ದಾರೆ. ಆದರೆ ನನ್ನ ಕ್ಯಾಲೆಂಡರಿನಲ್ಲಿ, ಆ ಚಳಿಗದ್ದೆಯಲ್ಲಿಯೂ, 7ಕ್ಕಿಂತ ಕೆಳಗೆ ಹೋದ ಬೆಳಗುಗಳು ಕೈಬೆರಳಲ್ಲಿ ಎಣಿಸುವಷ್ಟು. ಅದೂ ಒಂದೆರಡು ಗಂಟೆ ಹೊತ್ತು. ನಾಲ್ಕು ತಿಂಗಳು ಸುರಿಯುವ ನಮ್ಮ ಮಳೆಯನ್ನು ಸೇಬು ಹೇಗೆ ತಡೆದೀತು ಅನ್ನುವುದು ಬೇರೆ ಪ್ರಶ್ನೆ. ಅಂಗಳಕ್ಕೆ ಒಂದು ಹಾಕಿ, ಮೊಮ್ಮಕ್ಕಳಿಗೆ ತೋರಿಸಿ. ಅದಕ್ಕಿಂತ ಹೆಚ್ಚಿಗೆ ಬೇಡ ಅಂತ ನನ್ನ ಅಭಿಪ್ರಾಯ.

ಬೆಣ್ಣೆಹಣ್ಣಿನ ಕಥೆ ಹಾಗಲ್ಲ. ಅದರ ಮರಗಳು ನಮ್ಮ ಕಾಫಿ ತೋಟಗಳಲ್ಲಿ ಮೊದಲಿನಿಂದಲೂ ಇವೆ, ಚಳಿಗೆ ಒಂದು ಎಲೆಯೂ ಬಾಡಿದ್ದು ನಾನು ನೋಡಿಲ್ಲ. ಅದರಲ್ಲೂ ಮೂರು ಕುಲ. ಮೆಕ್ಸಿಕೋದ್ದು ಚಳಿ ಚೆನ್ನಾಗಿ ತಡೆಯುತ್ತದೆ, ವೆಸ್ಟ್ ಇಂಡೀಸಿನದ್ದು ತಡೆಯುವುದಿಲ್ಲ, ಗ್ವಾಟೆಮಾಲಾದ್ದು ನಡುವಿನದು. ಈಗ ಎಲ್ಲರ ಬಾಯಲ್ಲಿರುವ ಹಾಸ್ ತಳಿಗೆ ಚಳಿಯ ಹೆದರಿಕೆ ನಮ್ಮ ಕಡೆ ಇಲ್ಲ. ಅದನ್ನು ಕೊಲ್ಲುವುದು ಮಳೆಗಾಲ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ನಿಂತಲ್ಲೇ ಒಣಗುತ್ತದೆ, ಅಡಿಕೆಗೆ ಕೊಳೆ ತರುವ ಶಿಲೀಂಧ್ರದ ಬಳಗದ್ದೇ ಅದು. ಅಂದರೆ ಪ್ರತಿ ಗಿಡಕ್ಕೂ ಅದರದ್ದೇ ಒಂದು ಶತ್ರು ತಿಂಗಳು ಇರುತ್ತದೆ. ಗಿಡ ಮಾರುವವನು ಆ ತಿಂಗಳ ಹೆಸರು ಹೇಳಬೇಕು, ನಾವು ಕೇಳಬೇಕು.

ಹಿತ್ತಿಲಿನಲ್ಲಿ ಚಳಿ ದಾಟಿಸುವುದು

ಇಷ್ಟು ವರ್ಷದಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ. ಇದು ನಮ್ಮ ಎತ್ತರದ, ನಮ್ಮ ಮನೆಯ ಲೆಕ್ಕ. ನಿಮ್ಮದು ಬೇರೆ ಇರಬಹುದು.

ಮುಖ್ಯವಾದದ್ದು, ಚಳಿಯ ಮುಂಚೆ ಗಿಡವನ್ನು ಎಬ್ಬಿಸಬಾರದು. ಗೊಬ್ಬರ ಎಲ್ಲ ಆಗಸ್ಟ್ ಒಳಗೆ ಮುಗಿಸುತ್ತೇನೆ. ಸೆಪ್ಟೆಂಬರ್ ನಂತರ ಸಾರಜನಕ ಮುಟ್ಟುವುದಿಲ್ಲ, ಬೇಕಿದ್ದರೆ ಸ್ವಲ್ಪ ಬೂದಿ. ಕತ್ತರಿಯನ್ನೂ ಹಾಗೆಯೇ. ರಂಬುಟಾನಿನಲ್ಲಿ ಹಣ್ಣು ಕೊಯ್ದ ಕೂಡಲೇ ಸವರಬೇಕು ಅಂತ ಪುಸ್ತಕ ಹೇಳುತ್ತದೆ. ಕರಾವಳಿಯಲ್ಲಿ ಜೂನ್-ಜುಲೈಯಲ್ಲಿ ಕೊಯ್ಲು, ಹೊಸ ಚಿಗುರು ಬಲಿಯಲು ಬೇಕಾದಷ್ಟು ಕಾಲ ಇದೆ. ನಮ್ಮಲ್ಲಿ ಹಣ್ಣು ಮುಗಿಯುವುದೇ ಸೆಪ್ಟೆಂಬರ್ ಕೊನೆಗೆ. ಆಗ ಜೋರಾಗಿ ಸವರಿದರೆ ಚಿಗುರು ಬರುವುದು ನವೆಂಬರಿಗೆ, ಚಳಿಯ ಬಾಯಿಗೇ ಕೊಟ್ಟಂತೆ. ಹಾಗಾಗಿ ಗೊಂಚಲು ಕೊಯ್ಯುವಾಗಲೇ ಗೇಣುದ್ದ ಕೊಂಬೆಯ ತುದಿ ಸೇರಿಸಿ ಮುರಿಯುವುದು, ಅಷ್ಟೇ ನಮ್ಮ ಸವರುವಿಕೆ. ತಡವಾಗಿ ಹಣ್ಣಾಗುವುದರಿಂದ ಒಂದು ಲಾಭವೂ ಇದೆ. ಕೆಳಗಿನ ಊರುಗಳ ಹಣ್ಣು ಮುಗಿದಿರುತ್ತದೆ, ನಮ್ಮದಕ್ಕೆ ಕೇಳುವವರಿರುತ್ತಾರೆ.

ಎಳೆ ಗಿಡಕ್ಕೆ ಮೊದಲ ಮೂರು ವರ್ಷ ದೀಪಾವಳಿ ಕಳೆದ ಮೇಲೆ ಮರೆ ಕಟ್ಟಬೇಕು. ನಾಲ್ಕು ಗೂಟ, ಪೂರ್ವ ಉತ್ತರಕ್ಕೆ ಅಡಿಕೆ ಸೋಗೆಯ ತಡಿಕೆ, ಮೇಲೆ ತೆಳುವಾಗಿ ನಾಲ್ಕು ಸೋಗೆ. ದಕ್ಷಿಣ ಬಯಲು ಬಿಡಿ, ಹಗಲು ಬಿಸಿಲು ಒಳಗೆ ಬರಲಿ. ಪ್ಲಾಸ್ಟಿಕ್ ಹಾಳೆ ಮುಚ್ಚುವವರಿದ್ದಾರೆ. ಪ್ಲಾಸ್ಟಿಕ್ ತಾಗಿದ ಎಲೆ ರಾತ್ರಿ ಚಳಿಗೂ ಸುಡುತ್ತದೆ, ಬೆಳಿಗ್ಗೆ ತೆಗೆಯಲು ಮರೆತರೆ ಬಿಸಿಲಿಗೂ ಬೇಯುತ್ತದೆ. ಹಳೆ ಗೋಣಿಚೀಲ ಎಷ್ಟೋ ಮೇಲು.

ದರಗು ಹಾಕುವ ವಿಷಯದಲ್ಲಿ ನಾನು ಎಡವಿದ್ದೇನೆ. ಬುಡಕ್ಕೆ ಗಟ್ಟಿ ಮುಚ್ಚಿಗೆ ಇದ್ದರೆ ಬೇರಿಗೆ ಬೆಚ್ಚಗೆ, ತೇವ ಉಳಿಯುತ್ತದೆ, ಅದು ಸರಿ. ಆದರೆ ಸುತ್ತಲೂ ಇಡೀ ನೆಲಕ್ಕೆ ದಪ್ಪ ಹಾಸಿದರೆ ಹಗಲಿನ ಬಿಸಿ ಮಣ್ಣಿಗೆ ಇಳಿಯುವುದಿಲ್ಲ, ರಾತ್ರಿ ಮಣ್ಣಿನ ಬಿಸಿ ಮೇಲಕ್ಕೆ ಬರುವುದಿಲ್ಲ. ದರಗಿನ ಮೇಲಿನ ಗಾಳಿ ಇನ್ನೂ ತಣ್ಣಗಿರುತ್ತದೆ. ಈಗ ಬುಡದ ಸುತ್ತ ಎರಡು ಅಡಿಗೆ ಮಾತ್ರ ದರಗು, ಆಚೆ ನೆಲ ಬಯಲು, ಆದರೆ ಒಣಗಲು ಬಿಡದೆ ವಾರಕ್ಕೆರಡು ಸಲ ಹಗಲಲ್ಲೇ ನೀರು. ಹೊಗೆ ಹಾಕಿದರೆ ಚಳಿ ಹೋಗುತ್ತದೆ ಅನ್ನುವವರಿದ್ದಾರೆ. ಎರಡು ರಾತ್ರಿ ಕೂತು ನೋಡಿದೆ. ಥರ್ಮಾಮೀಟರ್ ಅಲುಗಲಿಲ್ಲ, ನನಗೆ ಕೆಮ್ಮು ಬಂತು.

ಸುಟ್ಟ ಕೊಂಬೆಯನ್ನು ಜನವರಿಯಲ್ಲೇ ಕತ್ತರಿಸುವ ಅವಸರ ಬೇಡ. ಎಲ್ಲಿವರೆಗೆ ಜೀವ ಇದೆ ಅಂತ ಏಪ್ರಿಲ್ ಚಿಗುರು ಬಂದ ಮೇಲೆ ತಿಳಿಯುತ್ತದೆ. ಉಗುರಿನಿಂದ ತೊಗಟೆ ಕೆರೆದು ನೋಡಿ, ಹಸಿರಿದ್ದರೆ ಕಾಯಿರಿ. ಕಸಿ ಗಂಟಿನ ಕೆಳಗಿನ ಚಿಗುರನ್ನು ಮಾತ್ರ ಕಂಡ ದಿನವೇ ಕಿತ್ತು ಬಿಡಿ.

ಆ ಒಂದು ಮ್ಯಾಂಗೋಸ್ಟೀನ್ ಏನಾಯಿತು ಅಂತ ಕೇಳುತ್ತೀರಿ. ಇದೆ. ನಮ್ಮ ಉಪ್ಪಾಗೆ, ಮುರುಗಲಿನ ನೆಂಟ ಅಲ್ಲವೇ, ಗಟ್ಟಿ ಜೀವ ಅಂದುಕೊಂಡಿದ್ದೆ. ನೆಟ್ಟು ಹತ್ತು ವರ್ಷ ದಾಟಿತು, ಈಗ ನನ್ನ ಭುಜದೆತ್ತರಕ್ಕಿದೆ. 20 ಡಿಗ್ರಿಗಿಂತ ಕೆಳಗೆ ಅದು ಬೆಳೆಯುವುದೇ ಇಲ್ಲ, ಸುಮ್ಮನೆ ನಿಲ್ಲುತ್ತದೆ. ನಮ್ಮಲ್ಲಿ ಹಾಗೆ ನಿಲ್ಲುವ ದಿನಗಳೇ ಹೆಚ್ಚು. ಮಗಳು ಅದಕ್ಕೆ "ಅಪ್ಪನ ಪೆನ್ಷನ್ ಮರ" ಅಂತ ಹೆಸರಿಟ್ಟಿದ್ದಾಳೆ.

ಎರಡು ಮಾತು, ಒಂದು ತಕರಾರು

ಗಿಡ ಮಾರುವವರಲ್ಲಿ ನನ್ನ ಬೇಡಿಕೆ ಒಂದೇ. ಗಿಡದ ಚೀಟಿಯಲ್ಲಿ ತಳಿಯ ಹೆಸರು, ಬೆಲೆ ಇರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಬರಲಿ: ಎಷ್ಟು ಡಿಗ್ರಿ ಚಳಿಯವರೆಗೆ ತಡೆಯುತ್ತದೆ, ತಾಯಿಮರ ಯಾವ ಊರಿನಲ್ಲಿದೆ, ಆ ಊರು ಎಷ್ಟು ಎತ್ತರ. ಮಲೆನಾಡಿನವರಿಗೆ ಮಲೆನಾಡಿನಲ್ಲೇ ಹಣ್ಣು ಬಿಟ್ಟ ಮರದ ಕಸಿ ಬೇಕು. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅರ್ಕ ಕೂರ್ಗ್ ಅರುಣ್ ಎಂಬ ಕೆಂಪು ರಂಬುಟಾನ್ ತಳಿಯನ್ನು ಬೆಟ್ಟದ ಸೀಮೆಯಲ್ಲೇ ಇಟ್ಟು ನೋಡಿ ಹೊರತಂದಿದ್ದಾರೆ. ಅಂಥದ್ದನ್ನು ಹುಡುಕಿ ತರುವುದು, ತಂದದ್ದನ್ನೂ ಮೊದಲು ಎರಡೇ ಎರಡು ನೆಟ್ಟು ನೋಡುವುದು ನಮ್ಮ ಜವಾಬ್ದಾರಿ.

ತಕರಾರು ನಮ್ಮ ಪತ್ರಿಕೆಯ ಮೇಲೆ, ನನ್ನ ಮೇಲೆ, ನಿಮ್ಮೆಲ್ಲರ ಮೇಲೆ. ಹೊಸ ಹಣ್ಣಿನ ಬರಹ ಯಾವಾಗಲೂ ಹಣ್ಣಿನ ಕಾಲದಲ್ಲೇ ಬರುತ್ತದೆ. ಮರದ ತುಂಬ ಕೆಂಪು ಗೊಂಚಲು, ಪಕ್ಕದಲ್ಲಿ ನಗುವ ಕೃಷಿಕ. ಜನವರಿಯಲ್ಲಿ ಅದೇ ತೋಟಕ್ಕೆ ಯಾರೂ ಕ್ಯಾಮರಾ ಒಯ್ಯುವುದಿಲ್ಲ. ಎಷ್ಟು ಗಿಡ ನೆಟ್ಟಿದ್ದಿರಿ, ಎಷ್ಟು ಉಳಿದಿದೆ ಅಂತ ಕೇಳುವುದಿಲ್ಲ. ವೆನಿಲ್ಲಾದ ಕಾಲದಲ್ಲೂ ಇದೇ ಆಯಿತು. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಇತ್ತು, ತೋಟಕ್ಕೆ ರಾತ್ರಿ ಕಾವಲು ಕೂತೆವು. ಎರಡು ವರ್ಷದೊಳಗೆ ಕೇಳುವವರಿಲ್ಲದಾಯಿತು. ಬಳ್ಳಿ ಮಾರಿದವರು ಗೆದ್ದರು, ಕೋಡು ಬೆಳೆದವರಲ್ಲಿ ತಡವಾಗಿ ಇಳಿದವರು ಸೋತರು. ಅದು ಮಾರುಕಟ್ಟೆ ಮಾಡಿದ ಪೆಟ್ಟು, ಇದು ಹವೆ ಮಾಡುವ ಪೆಟ್ಟು. ಎರಡರಲ್ಲೂ ಸೋತವರ ಲೆಕ್ಕ ಅಚ್ಚಾಗಲಿಲ್ಲ.

ಆದ್ದರಿಂದ ನನ್ನದೊಂದು ಸೂಚನೆ. ಪರದೇಶದ ಹಣ್ಣಿನ ಗಿಡ ನೆಟ್ಟವರು ಈ ಚಳಿಗಾಲ ಒಂದು ಪೋಸ್ಟ್ ಕಾರ್ಡಿನಷ್ಟು ವಿವರ ಬರೆದು ಕಳಿಸಿ. ನಿಮ್ಮ ಊರು, ಎತ್ತರ, ಗಿಡ ತಗ್ಗಿನಲ್ಲಿದೆಯೋ ಏರಿನಲ್ಲಿದೆಯೋ, ಎಷ್ಟು ನೆಟ್ಟಿರಿ, ಎಷ್ಟು ಸತ್ತಿತು, ಜನವರಿಯಲ್ಲಿ ಬೆಳಿಗ್ಗೆ ಎಷ್ಟು ಡಿಗ್ರಿ. ಸಂಪಾದಕರು ಒಂದು ಪುಟ ಕೊಟ್ಟರೆ ಸಾಕು. ತೀರ್ಥಹಳ್ಳಿಯದ್ದು, ಸಿದ್ದಾಪುರದ್ದು, ಸಕಲೇಶಪುರದ್ದು, ಸೋಮವಾರಪೇಟೆಯದ್ದು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ನರ್ಸರಿಯ ದರಪಟ್ಟಿಯಲ್ಲೂ ಇಲ್ಲದ ಮಾಹಿತಿ ಸಿಗುತ್ತದೆ. ನನ್ನ ಲೆಕ್ಕ ಮೇಲೆಯೇ ಬರೆದಿದ್ದೇನೆ: ಗದ್ದೆಯಲ್ಲಿ ನಲವತ್ತಕ್ಕೆ ನಾಲ್ಕು, ಹಿತ್ತಿಲಿನಲ್ಲಿ ಮೂರಕ್ಕೆ ಮೂರು. ಆ ನಾಲ್ಕನ್ನೂ ಮರುವರ್ಷ ಕಿತ್ತು ಹಾಕಿದೆ.

ಹುಡುಗನ ವಿಷಯಕ್ಕೆ ಬರೋಣ. ಅವನಿಗೆ ಬೇಡ ಅಂತ ನಾನು ಹೇಳಲಿಲ್ಲ. ಹೇಳಿದರೆ ಕೇಳುವ ವಯಸ್ಸೂ ಅಲ್ಲ, ನಾನು ಕೇಳಿದ್ದೆನೇ? ಗದ್ದೆಗೆ ಕರೆದುಕೊಂಡು ಹೋಗಿ ಒಣಗಿದ ಬುಡಗಳಿದ್ದ ಜಾಗ ತೋರಿಸಿದೆ. ಗುಂಡಿಗಳ ಗುರುತು ಇನ್ನೂ ಇದೆ. ಬಹಳ ಹೊತ್ತು ಮಾತಾಡಲಿಲ್ಲ ಅವನು. ಆಮೇಲೆ, "ನನ್ನ ಗದ್ದೆ ನಿಮ್ಮದರಷ್ಟು ತಗ್ಗು ಇಲ್ಲ ಅಣ್ಣ" ಅಂದ. ಇರಬಹುದು. ಗದ್ದೆಯ ಥರ್ಮಾಮೀಟರ್ ಬಿಚ್ಚಿ ಅವನ ಕೈಗೆ ಕೊಟ್ಟೆ, ಹಾಳೆ ಮುಚ್ಚಿ ಹೇಗೆ ಕಟ್ಟಬೇಕು ಅಂತ ಹೇಳಿದೆ. ಮನೆಯವಳು ಒಳಗಿನಿಂದ ಬಂದು, "ನಿಮ್ಮ ಅಮ್ಮನನ್ನ ಕೇಳಪ್ಪ, ಬೆಳಿಗ್ಗೆ ಹುಲ್ಲಿಗೆ ಹೋಗೋರು ಅವರಲ್ವಾ" ಅಂದಳು.

ಮೊನ್ನೆ ಫೋನ್ ಮಾಡಿದ್ದ. ಅವನ ಗದ್ದೆಯಲ್ಲಿ ಬೆಳಿಗ್ಗೆ ಒಂಬತ್ತು ಡಿಗ್ರಿ, ಇನ್ನೂ ಜನವರಿ ಬಂದಿಲ್ಲ. ಎರಡು ಗಿಡ ತಂದು ಅವರ ಬಚ್ಚಲ ಹಿಂದೆ ನೆಟ್ಟಿದ್ದಾನಂತೆ. ಸಾಲದ ಅರ್ಜಿ ಏನಾಯಿತು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.